ನೋವರಿಯದ ಪಾದಕ್ಕೊಂದು ಚಪ್ಪಲಿ

ಒಂದೂ ಮೊಳೆ ಹೊಡೆಯದೆ ಮಾಡುವ ಚಪ್ಪಲಿ ಇದು. ಕೆಳಗೆ ಮುಳ್ಳು, ಗಾಜಿನ ಚೂರು ತೂರದಂಥ ಗಟ್ಟಿ ಅಟ್ಟೆ. ಮೇಲೆ ಪುಟ್ಟ ಪುಟ್ಟ ಗಾಳಿಗುಳ್ಳೆ ತುಂಬಿದ ಮೆತ್ತನೆಯ ರಬ್ಬರು. ಬೆರಳಿಂದ ಒತ್ತಿದರೆ ತಗ್ಗಿ, ಬಿಟ್ಟರೆ ಮೇಲೇಳುತ್ತದೆ. ಈ ರಬ್ಬರಿನ ಹೆಸರೇ ಎಂಸಿಆರ್. ಎರಡನ್ನೂ ಅಂಟು ಹಾಕಿ ಕೂಡಿಸುತ್ತಾರೆ. ಹಿಮ್ಮಡಿಗೆ ಪಟ್ಟಿ ಇರಲೇಬೇಕು, ಏಕೆಂದರೆ ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಕಾಲಿಗೆ ಚಪ್ಪಲಿ ಜಾರಿ ಬಿದ್ದರೂ ತಿಳಿಯದು. ಮಡಚಿಹೋದ ಬೆರಳುಗಳಿಗೆ ಬಕಲ್ ಹಾಕುವುದು ಕಷ್ಟ. ಅದಕ್ಕಾಗಿ ವೆಲ್ಕ್ರೋ.

ಕುಷ್ಠರೋಗಿಗಳ ಬೆರಳು ಕೊಳೆತು ಉದುರುತ್ತವೆಂದು ಜನ ನಂಬಿದ್ದ ಕಾಲವೊಂದಿತ್ತು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅದನ್ನು ಒಪ್ಪಲಿಲ್ಲ. ರೋಗಾಣು ನರವನ್ನು ಹಾಳುಮಾಡುತ್ತದೆ, ನೋವು ಇಲ್ಲವಾಗುತ್ತದೆ. ಆಮೇಲಿನ ಅನಾಹುತವೆಲ್ಲ ದಿನನಿತ್ಯದ ಬದುಕಿನದ್ದು: ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಲಿ ಇಳಿಸುವುದು, ಕಾಲಡಿ ಸಿಕ್ಕ ಕಲ್ಲಿನ ಮೇಲೆಯೇ ಸಂಜೆತನಕ ನಡೆಯುವುದು. ನಾವಾದರೆ ಹುಣ್ಣಾದ ಕಾಲನ್ನು ಊರದೆ ಕುಂಟುತ್ತೇವೆ. ಅವರು ಕುಂಟುವುದಿಲ್ಲ, ಹುಣ್ಣು ಮೂಳೆ ಮುಟ್ಟುತ್ತದೆ. ಬ್ರ್ಯಾಂಡ್ ಮತ್ತು ಜೊತೆಗಾರರು ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು, ಕಾಲುಗಳಿಗೆ ಪಾದರಕ್ಷೆ ಹುಡುಕಿದರು. ವೆಲ್ಲೂರಿನ ಹತ್ತಿರದ ಕರಿಗಿರಿಯಲ್ಲಿ 1955ರಲ್ಲಿ ಶುರುವಾದ ಕುಷ್ಠರೋಗ ಸಂಸ್ಥೆಯಲ್ಲಿ ಈ ಕಸುಬು ಬೆಳೆಯಿತು. ವೈದ್ಯರಷ್ಟೇ ಗೌರವ ಅಲ್ಲಿನ ಚಪ್ಪಲಿ ಹೊಲಿದವರಿಗೂ ಸಲ್ಲಬೇಕು.

ಔಷಧಿಯ ಕಥೆ ಹೆಚ್ಚಿನವರಿಗೆ ಗೊತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುವಿಧ ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. 1983ರಲ್ಲಿ ನಮ್ಮ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ ಆರಂಭವಾಯಿತು. 6 ಇಲ್ಲವೇ 12 ತಿಂಗಳ ಉಚಿತ ಮಾತ್ರೆ, ರೋಗ ವಾಸಿ. 2005ರ ಡಿಸೆಂಬರಿನಲ್ಲಿ ದೇಶದ ಪ್ರಮಾಣ 10,000 ಜನರಿಗೆ ಒಬ್ಬ ರೋಗಿಗಿಂತ ಕೆಳಗಿಳಿಯಿತು. ದೊಡ್ಡ ಸಾಧನೆಯೇ. ಆದರೆ ಮಾತ್ರೆ ಮುಗಿದ ದಿನವೇ ರೋಗಿಯ ಹೆಸರು ಲೆಕ್ಕದಿಂದ ಹೋಗುತ್ತದೆ. ಹೋದ ಸ್ಪರ್ಶ ಬಹಳ ಮಂದಿಗೆ ಮರಳುವುದಿಲ್ಲ. ಆ ಕಾಲನ್ನು ಜೀವನಪೂರ್ತಿ ಕಾಯಬೇಕು. ದಿನವೂ ನೀರಿನಲ್ಲಿ ನೆನೆಸಿ, ಗಡುಸಾದ ಚರ್ಮ ಉಜ್ಜಿ, ಎಣ್ಣೆ ಹಚ್ಚಿ, ಗಾಯವಾಗಿದೆಯೇ ಎಂದು ಕಣ್ಣಲ್ಲೇ ನೋಡಬೇಕು. ಹೊರಗೆ ಕಾಲಿಟ್ಟರೆ ಎಂಸಿಆರ್ ಚಪ್ಪಲಿ ಬೇಕೇ ಬೇಕು.

ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತದೆ. ಆದರೂ ಹಲವರು ಮೂಲೆಯಲ್ಲಿಟ್ಟು ಬಿಟ್ಟರು. ಕಂಡವರೆಲ್ಲ ಗುರುತಿಸುವಂಥ ಒಂದೇ ಮಾದರಿಯ ಚಪ್ಪಲಿ ಮೆಟ್ಟಿ ಮದುವೆಮನೆಗೆ ಹೋಗುವುದಾದರೂ ಹೇಗೆ? ಅದು ರೋಗಿಯ ತಪ್ಪಲ್ಲ, ನಮ್ಮ ಕಣ್ಣಿನದು. ಈಗ ಅಂಗಡಿಯ ಚಪ್ಪಲಿಯಂತೆಯೇ ಕಾಣುವ ಬಣ್ಣ, ವಿನ್ಯಾಸಗಳು ಬಂದಿವೆ. ಪ್ರತಿ ಜಿಲ್ಲೆಗೂ ಅವು ತಲುಪಬೇಕು.

ದೇಶದಲ್ಲಿ ಈಗಲೂ ವರ್ಷಕ್ಕೆ ಸುಮಾರು 1 ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ತಿಳಿಬಿಳಿ ಅಥವಾ ತಾಮ್ರವರ್ಣದ ಮಚ್ಚೆ ಕಂಡರೆ ಆಶಾ ಕಾರ್ಯಕರ್ತೆಗೆ ತೋರಿಸಿ. ನರ ಕೆಡುವ ಮುಂಚೆ ಮಾತ್ರೆ ಸಿಕ್ಕಿದರೆ ಈ ಚಪ್ಪಲಿಯ ಅಗತ್ಯವೇ ಬೀಳದು. ನಿಮ್ಮೂರಿನಲ್ಲಿ ಈಗಾಗಲೇ ಅಗತ್ಯವಿದ್ದವರಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಕೇಳಿ ಕೊಡಿಸಿ.