ಒಹ್ಲಾಂಗೆಯ ಸಮಾಧಿಯ ಬಳಿ

1994ನೆಯ ಇಸವಿ ಏಪ್ರಿಲ್ 27ರಂದು ನೆಲ್ಸನ್ ಮಂಡೇಲರು ತಮ್ಮ ಜೀವಮಾನದಲ್ಲಿ ಮೊಟ್ಟಮೊದಲ ಬಾರಿಗೆ ಮತ ನೀಡಿದರು. ಆಗ ಅವರಿಗೆ 75 ವರ್ಷ ವಯಸ್ಸು. ಮತದಾರರ ಪಟ್ಟಿಯೇ ಇಲ್ಲದಿದ್ದ ಆ ಚುನಾವಣೆಯಲ್ಲಿ ಯಾವ ಊರಿನಲ್ಲಿ ಬೇಕಾದರೂ ಮತ ಹಾಕಬಹುದಾಗಿದ್ದರೂ, ಅವರು ಡರ್ಬನ್ ನಗರದ ಹೊರಗೆ ಇನಾಂಡದ ಗುಡ್ಡಸೀಮೆಯಲ್ಲಿರುವ ಒಹ್ಲಾಂಗೆ ಶಾಲೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು: ಆ ಶಾಲೆಯನ್ನು ಕಟ್ಟಿದ ಜಾನ್ ಡೂಬೆಯವರ ಸಮಾಧಿ ಅದರ ಸಮೀಪದಲ್ಲಿಯೇ ಇದೆ. ದಕ್ಷಿಣ ಆಫ್ರಿಕದ ಪ್ರಥಮ ಕೃಷ್ಣವರ್ಣೀಯ ಅಧ್ಯಕ್ಷರ ಕಥೆಯನ್ನು ಸೆರೆಮನೆಯಿಂದ ಆರಂಭಿಸುವುದು ರೂಢಿ. ನನಗಾದರೋ ಅದು ಈ ಸಮಾಧಿಯಿಂದ ಆರಂಭವಾಗತಕ್ಕದ್ದೆಂದು ತೋರುತ್ತದೆ.

ಡೂಬೆಯವರು ಅಮೆರಿಕದಲ್ಲಿ ವಿದ್ಯಾಭ್ಯಾಸ ಮಾಡಿ, ಬುಕರ್ ಟಿ. ವಾಷಿಂಗ್ಟನ್ನರು ಟಸ್ಕೀಗಿಯಲ್ಲಿ ಸ್ಥಾಪಿಸಿದ್ದ ವಿದ್ಯಾಸಂಸ್ಥೆಯಿಂದ ಪ್ರಭಾವಿತರಾಗಿ, ಅಂತಹುದೊಂದು ತಮ್ಮ ಜನಕ್ಕೂ ಬೇಕೆಂಬ ಹಂಬಲವನ್ನು ಹೊತ್ತು ಸ್ವದೇಶಕ್ಕೆ ಮರಳಿದವರು. ಶಾಲೆಯ ಬೆನ್ನಿಗೇ, 1903ರಲ್ಲಿ, ಅವರು ಜುಲು ಭಾಷೆಯ ‘ಇಲಂಗ’ ಪತ್ರಿಕೆಯನ್ನು ಹೊರಡಿಸಿದರು. ಮರುವರ್ಷ ಅದೇ ಇನಾಂಡದಲ್ಲಿ ನಮ್ಮ ಗಾಂಧೀಜಿಯವರ ಫೀನಿಕ್ಸ್ ಆಶ್ರಮ ತಲೆಯೆತ್ತಿತು. 1912ರ ಜನವರಿಯಲ್ಲಿ ಬ್ಲೂಮ್‌ಫಾಂಟೇನಿನಲ್ಲಿ ಕೂಡಿದ ಸಭೆ, ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಎಂದು ಹೆಸರಾಗಲಿದ್ದ ಸಂಸ್ಥೆಯನ್ನು ಹುಟ್ಟುಹಾಕಿ, ಸಭೆಗೆ ಬಂದೇ ಇರದಿದ್ದ ಡೂಬೆಯವರನ್ನು ಪ್ರಥಮ ಅಧ್ಯಕ್ಷರನ್ನಾಗಿ ಚುನಾಯಿಸಿತು. ಮರುವರ್ಷದ ಭೂಕಾಯಿದೆಯು ದೇಶದ ಬಹುಸಂಖ್ಯಾತರಿಗೆ ನೆಲದ ಸುಮಾರು ಶೇಕಡ 7 ಭಾಗವನ್ನು ಮಾತ್ರ ಉಳಿಸಿತು. ಅದನ್ನು ತಡೆಯಬೇಕೆಂದು 1914ರಲ್ಲಿ ಲಂಡನ್ನಿಗೆ ಹೋಗಿ ವಿನಯದಿಂದ ಬಿನ್ನವಿಸಿಕೊಂಡ ಡೂಬೆಯವರ ನಿಯೋಗ ಬರಿಗೈಯಲ್ಲಿ ಹಿಂದಿರುಗಿತು. ಕೇಪ್ ಪ್ರಾಂತದ ಕೆಲವರಿಗಿದ್ದ ಸಮಾನ ಮತಾಧಿಕಾರವೂ 1936ರಲ್ಲಿ ಹೋಯಿತು. ಡೂಬೆಯವರು ಕಾಲವಾದ 1946ರಲ್ಲಿಯೇ, ತಾನಿನ್ನೂ ಪರಾಧೀನವಾಗಿದ್ದ ಭಾರತವು ಆ ದೇಶದೊಡನೆ ವ್ಯಾಪಾರಸಂಬಂಧವನ್ನು ಕಡಿದುಕೊಂಡಿತೆಂಬುದನ್ನು ನೆನೆದಾಗ ಇಂದಿಗೂ ನನ್ನ ಹೃದಯ ತುಂಬಿಬರುತ್ತದೆ.

1948ರ ಅನಂತರ ವರ್ಣಭೇದವೇ ರಾಜ್ಯನೀತಿಯಾಯಿತು. ಹದಿನಾರು ತುಂಬಿದ ಕೃಷ್ಣವರ್ಣೀಯನು ತನ್ನ ನೆಲದಲ್ಲಿಯೇ ಓಡಾಡಲು ಒಂದು ರಹದಾರಿ ಪುಸ್ತಕವನ್ನು ಸದಾ ಜೇಬಿನಲ್ಲಿರಿಸಿಕೊಂಡಿರಬೇಕಾಯಿತು. ಜನರು ಹೇವರಿಕೆಯಿಂದ ಅದನ್ನು ‘ಡೊಂಪಾಸ್’, ಎಂದರೆ ದಡ್ಡ ರಹದಾರಿ, ಎನ್ನುತ್ತಿದ್ದರು. 1960ರ ಮಾರ್ಚ್ 21ರಂದು ಷಾರ್ಪ್‌ವಿಲ್ಲಿನಲ್ಲಿ ಅದನ್ನು ಪ್ರತಿಭಟಿಸಲು ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಸತ್ತವರು 69 ಮಂದಿ. ಕಾಂಗ್ರೆಸ್ಸು ನಿಷೇಧಕ್ಕೊಳಗಾಯಿತು, 1964ರಲ್ಲಿ ಮಂಡೇಲರಿಗೆ ಆಜೀವ ಕಾರಾವಾಸವಾಯಿತು. ರಾಬೆನ್ ದ್ವೀಪದ ಸುಣ್ಣಕಲ್ಲಿನ ಗಣಿಯಲ್ಲಿ, ಬಿಸಿಲಿಗೆ ಕೋರೈಸುವ ಬಿಳಿಬಂಡೆಯನ್ನು ಅಗೆದಗೆದು ಅವರ ಕಣ್ಣುಗಳು ಶಾಶ್ವತವಾಗಿ ಕೆಟ್ಟವು.

1990ರ ಫೆಬ್ರವರಿ 11ರಂದು ಬಿಡುಗಡೆಯಾಯಿತಾದರೂ ದಾರಿ ಸುಗಮವಾಗಲಿಲ್ಲ. 1993ರ ಏಪ್ರಿಲಿನಲ್ಲಿ ಜನಪ್ರಿಯ ನಾಯಕ ಕ್ರಿಸ್ ಹಾನಿಯವರನ್ನು ಬಿಳಿಯನೊಬ್ಬ ಅವರ ಮನೆಯ ಮುಂದೆಯೇ ಕೊಂದಾಗ ದೇಶವು ರಕ್ತಪಾತದ ಅಂಚಿಗೆ ಬಂದಿತ್ತು. ಆಗ ದೂರದರ್ಶನದಲ್ಲಿ ಮಾತನಾಡಿದ ಮಂಡೇಲರು, ಹಂತಕನನ್ನು ಹಿಡಿದುಕೊಡಲು ನೆರವಾದವಳೂ ಬಿಳಿಯ ಹೆಂಗಸೇ ಎಂಬುದನ್ನು ಜನರಿಗೆ ನೆನಪಿಸಿದರು. ಅಧಿಕಾರಪದವಿ ಇನ್ನೂ ಬಾರದಿದ್ದ ಅವರು ಅಂದೇ ರಾಷ್ಟ್ರಾಧ್ಯಕ್ಷರಾದರೆಂದು ನಾನು ಭಾವಿಸುತ್ತೇನೆ.

ಇನ್ನು ಆ ಮತಪತ್ರ. ಅಕ್ಷರ ಬಾರದವರೂ ಗುರುತಿಸುವಂತೆ 19 ಪಕ್ಷಗಳ ಚಿಹ್ನೆಗಳನ್ನೂ ನಾಯಕರ ಭಾವಚಿತ್ರಗಳನ್ನೂ ಹೊತ್ತ ನೀಳವಾದ ಹಾಳೆ ಅದು. ಕಡೆಯ ಗಳಿಗೆಯಲ್ಲಿ ಕಣಕ್ಕಿಳಿಯಲೊಪ್ಪಿದ ಇಂಕಾಥಾ ಪಕ್ಷದ ಹೆಸರನ್ನು ಅಚ್ಚಾಗಿಹೋಗಿದ್ದ ಹಾಳೆಯ ಕೆಳತುದಿಯಲ್ಲಿ ಚೀಟಿಯಾಗಿ ಅಂಟಿಸಿದ್ದರು. ಮೈಲುಗಟ್ಟಲೆ ಸಾಲುಗಳಲ್ಲಿ ಮನೆಯೊಡತಿಯೂ ಮನೆಗೆಲಸದವಳೂ ಹಿಂದುಮುಂದಾಗಿ ನಿಂತರು. ಸುಮಾರು 1 ಕೋಟಿ 97 ಲಕ್ಷ ಮತಗಳು ಬಿದ್ದವು; 400 ಸ್ಥಾನಗಳಲ್ಲಿ 252 ಕಾಂಗ್ರೆಸ್ಸಿಗೆ ದೊರೆತುವು; ಮೇ 10ರಂದು ಪ್ರಿಟೋರಿಯದಲ್ಲಿ ಮಂಡೇಲರು ಪ್ರಮಾಣವಚನ ಸ್ವೀಕರಿಸಿದರು.

ಆದರೆ ಲೆಕ್ಕವೊಪ್ಪಿಸುವ ಕಾರ್ಯ ಮತದಾನದ ದಿನವೇ ಒಹ್ಲಾಂಗೆಯಲ್ಲಿ ನಡೆದುಹೋಗಿತ್ತು. ಕೆಲವೇ ದಿನಗಳಲ್ಲಿ ತಾವೇ ಅಧ್ಯಕ್ಷರೆನಿಸಿಕೊಳ್ಳಲಿದ್ದ ಆ ವೃದ್ಧರು ಡೂಬೆಯವರ ಸಮಾಧಿಯ ಬಳಿ ನಿಂತು, ಅಲ್ಲಿ ಮಲಗಿದ್ದವರನ್ನೇ ‘ಅಧ್ಯಕ್ಷರೇ’ ಎಂದು ಸಂಬೋಧಿಸಿ, ದೇಶ ಸ್ವತಂತ್ರವಾಯಿತೆಂದು ಅರಿಕೆ ಮಾಡಿಕೊಂಡರು.