ತೆರೆಯ ಮೇಲೆ ಸತ್ತ ಯೋಧ ಊರಿನಲ್ಲಿ ಬದುಕಿದ್ದರು!

‘ಬಾರ್ಡರ್’ ಚಿತ್ರವನ್ನು ನೀವೂ ನೋಡಿರಬೇಕು, ಅಲ್ಲವೇ? 1997ರಲ್ಲಿ ಬಂದ ಆ ಹಿಂದಿ ಚಿತ್ರದಲ್ಲಿ, ಹೊಸದಾಗಿ ಮದುವೆಯಾದ ಭೈರೋನ್ ಸಿಂಗ್ ಮಡದಿಯನ್ನು ಬಿಟ್ಟು ಗಡಿಗೆ ಹೊರಡುತ್ತಾನೆ. ಕೊನೆಗೆ ವೀರಮರಣ ಹೊಂದುತ್ತಾನೆ. ಅದನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳದವರು ಯಾರು?

ಆದರೆ ಕೇಳಿ. ಗಡಿ ಭದ್ರತಾ ಪಡೆಯ ನಿಜವಾದ ಭೈರೋನ್ ಸಿಂಗ್ ರಾಥೋಡ್, 1971ರ ಲೋಂಗೇವಾಲಾ ಕದನದಲ್ಲಿ ಸಾಯಲೇ ಇಲ್ಲ! 1972ರಲ್ಲಿ ಸೇನಾ ಪದಕ ಪಡೆದರು, ನಿವೃತ್ತರಾದರು, ರಾಜಸ್ಥಾನದ ತಮ್ಮ ಹಳ್ಳಿಯಲ್ಲಿ ಬಾಳಿದರು. ಜೋಧಪುರದಲ್ಲಿ ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ. ತೆರೆಯ ಮೇಲೆ ಸತ್ತು ಇಪ್ಪತ್ತೈದು ವರ್ಷಗಳಾದ ಮೇಲೆ! ಚಿತ್ರದಲ್ಲಿ ನಮ್ಮ ಸೈನಿಕರು ಸಾಲುಸಾಲಾಗಿ ಬೀಳುತ್ತಾರೆ. ನಿಜದಲ್ಲಿ ಆ ಠಾಣೆ ಕಾದ ಸುಮಾರು 120 ಜನರಲ್ಲಿ ಮಡಿದವರು ಇಬ್ಬರು.

“ಅಯ್ಯೋ, ಸಿನಿಮಾ ತಾನೇ? ಸ್ವಲ್ಪ ಉಪ್ಪುಖಾರ ಬೇಡವೇನ್ರೀ?” ಅಂತೀರಿ. ಬೇಕು, ಒಪ್ಪೋಣ. ಆದರೆ ಇದ್ದವರನ್ನೇ ಇಲ್ಲವೆನಿಸಿದರೆ?

2020ರಲ್ಲಿ ಬಂದ ‘ಗುಂಜನ್ ಸಕ್ಸೇನಾ’ ಚಿತ್ರವನ್ನೇ ನೋಡಿ. 1999ರ ಕಾರ್ಗಿಲ್ ಯುದ್ಧದಲ್ಲಿ ಚೀತಾ ಹೆಲಿಕಾಪ್ಟರ್ ಹಾರಿಸಿದ ಧೀರೆಯ ಕಥೆ ಅದು. ಚಿತ್ರದಲ್ಲಿ ಉಧಂಪುರದ ನೆಲೆಯಲ್ಲಿ ಇರುವ ಪೈಲಟ್ ಹೆಣ್ಣು ಗುಂಜನ್ ಒಬ್ಬಳೇ. ಸುತ್ತ ಇರುವ ಗಂಡಸರಲ್ಲಿ ಹಲವರು ಅವಳನ್ನು ಹೀಯಾಳಿಸುವವರೇ. ಚಿತ್ರ ಬಂದ ಮೇಲೆ ಆಕೆಯ ಜೊತೆಗಾರ್ತಿ, ವಾಯುಪಡೆಯ ಮಾಜಿ ಪೈಲಟ್ ಶ್ರೀವಿದ್ಯಾ ರಾಜನ್ ತಮ್ಮ ಅನುಭವ ಬರೆದರು. 1996ರಲ್ಲಿ ಇಬ್ಬರೂ ಒಟ್ಟಿಗೇ ಉಧಂಪುರಕ್ಕೆ ಹೋದವರಂತೆ. ಕಾರ್ಗಿಲ್ ಸಮಯದಲ್ಲಿ ಮೊದಲ ತಂಡದೊಡನೆ ಶ್ರೀನಗರಕ್ಕೆ ಹೋದ ಹೆಣ್ಣು ತಾನು, ಗುಂಜನ್ ಬಂದದ್ದು ಕೆಲವು ದಿನಗಳ ನಂತರ ಎಂದರು. ಕೆಲವರಿಗೆ ತಾತ್ಸಾರ ಇದ್ದದ್ದು ನಿಜ, ಬೆನ್ನಿಗೆ ನಿಂತವರೂ ಬೇಕಾದಷ್ಟು ಜನ ಇದ್ದರು. ಮೇಲಧಿಕಾರಿ ತೋಳ್ಬಲ ಪರೀಕ್ಷೆ ಮಾಡಿಸಿ ಅವಮಾನಿಸುವ ದೃಶ್ಯ ಮಾತ್ರ ನಡೆದೇ ಇಲ್ಲ ಎಂದೂ ಹೇಳಿದರು. ವಾಯುಪಡೆಯೂ ಸೆನ್ಸಾರ್ ಮಂಡಳಿಗೆ ಆಕ್ಷೇಪಣೆ ಬರೆಯಿತು.

ಗುಂಜನ್ ಅವರ ಧೈರ್ಯ ಇದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಹೆಣ್ಣಿನ ಹಿರಿಮೆ ಸಾರಲು ಹೊರಟ ಚಿತ್ರದಲ್ಲೇ ಇನ್ನೊಬ್ಬ ಹೆಣ್ಣು ಮಾಯವಾದಳಲ್ಲ! ವಾಯುಪಡೆ ಸೇರುವ ಆಸೆ ಹೊತ್ತ ಮಗಳು ಇದನ್ನು ನೋಡಿ, ಅಲ್ಲಿ ತಾನು ಒಂಟಿ ಎಂದು ಹೆದರಿದರೆ? “ಇಲ್ಲಮ್ಮ, ಅವರು ಇಬ್ಬರಿದ್ದರು” ಎಂದು ಹೇಳುವವರು ಯಾರು? ನಾವೇ ಹೇಳಬೇಕು.

ಆದ್ದರಿಂದ ಯುದ್ಧದ ಸಿನಿಮಾ, ಧಾರಾವಾಹಿ ನೋಡುವಾಗ ಆರಂಭದ ಸಾಲುಗಳನ್ನು ತಪ್ಪದೆ ಓದಿ. ‘ಸತ್ಯಘಟನೆಯಿಂದ ಪ್ರೇರಿತ’ ಎಂದಿದ್ದರೆ ಎಲ್ಲವೂ ಸತ್ಯವೆಂದಲ್ಲ. ನೋಡಿದ ಮೇಲೆ ಮಕ್ಕಳ ಜೊತೆ ಕೂತು, ನಿಜವಾಗಿ ಇದ್ದವರು ಯಾರು, ಕತೆಗಾರ ಸೇರಿಸಿದ್ದು ಏನು ಅಂತ ಹುಡುಕಿ. ಅಳು ಬಂದರೆ ಅಳಿ, ತಪ್ಪೇನಿಲ್ಲ. ಆದರೆ ಯಾರಿಗಾಗಿ ಅತ್ತೆವೋ ಅವರ ನಿಜವಾದ ಕಥೆ ನಮಗೆ ಗೊತ್ತಿರಲಿ.