ವಿದೇಶಿ ಬಾಳಸಂಗಾತಿಯನ್ನು ಊರಿಗೆ ಕರೆತರುವಾಗ: ವೀಸಾ, ವಿವಾಹ ನೋಂದಣಿ ಮತ್ತು ಒಸಿಐ ಕುರಿತು ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ಉನ್ನತ ವ್ಯಾಸಂಗಕ್ಕೋ ಉದ್ಯೋಗಕ್ಕೋ ಹೊರದೇಶಗಳಿಗೆ ಹೋಗಿ ನೆಲೆಸಿರುವ ಮಕ್ಕಳು ಇಂದು ರಾಜ್ಯದ ಅನೇಕ ಜೈನ ಕುಟುಂಬಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಅಲ್ಲಿಯವರನ್ನೇ ಬಾಳಸಂಗಾತಿಯಾಗಿ ಆರಿಸಿಕೊಂಡಿದ್ದಾರೆ. ಸಂಗಾತಿಯನ್ನು ಊರಿಗೆ ಕರೆತಂದು ಅಜ್ಜ-ಅಜ್ಜಿಯರಿಗೆ ತೋರಿಸಬೇಕು, ಬಸದಿಗೆ ಕರೆದೊಯ್ಯಬೇಕು, ಶ್ರವಣಬೆಳಗೊಳದ ದರ್ಶನ ಮಾಡಿಸಬೇಕು ಎಂಬ ಆಸೆ ಎಲ್ಲ ಮನೆಗಳಲ್ಲೂ ಇರುತ್ತದೆ. ಆದರೆ ವಯಸ್ಸಾದ ಹಿರಿಯರು ಕಾಯುತ್ತಿರುವಾಗ, ಲಗ್ನಪತ್ರಿಕೆ ಅಚ್ಚಾದ ಮೇಲೆ ವೀಸಾದಲ್ಲಿ ತೊಡಕಾದರೆ ಆಗುವ ನೋವು ಸಣ್ಣದಲ್ಲ. ಇಂತಹ ತೊಡಕುಗಳಲ್ಲಿ ಹೆಚ್ಚಿನವು ಮೊದಲೇ ತಿಳಿದಿದ್ದರೆ ತಪ್ಪಿಸಬಹುದಾದಂಥವು.

ಮೊದಲ ಪ್ರಶ್ನೆ: ವಿವಾಹವಾಗಿದೆಯೇ, ಇಲ್ಲವೇ?

ಭಾರತದ ವೀಸಾ ನಿಯಮಗಳಲ್ಲಿ ಪ್ರಿಯಕರ, ಗೆಳತಿ, ನಿಶ್ಚಿತಾರ್ಥವಾದವರು ಎಂಬ ಪ್ರತ್ಯೇಕ ವರ್ಗವಿಲ್ಲ. ಕಾನೂನುಬದ್ಧ ವಿವಾಹವಾಗಿ ಪ್ರಮಾಣಪತ್ರ ಇರುವವರು ಮಾತ್ರ ಭಾರತೀಯರ ಪತಿ ಅಥವಾ ಪತ್ನಿ ಎಂಬ ನೆಲೆಯಲ್ಲಿ ಅರ್ಜಿ ಸಲ್ಲಿಸಬಹುದು. ಉಳಿದವರು ಸಾಮಾನ್ಯ ಪ್ರವಾಸಿಯಾಗಿಯೇ ಬರಬೇಕು. ಇದರಿಂದ ಚಿಂತೆಪಡಬೇಕಾಗಿಲ್ಲ. ಸ್ಥಳ ವೀಕ್ಷಣೆಯ ಜೊತೆಗೆ ಸ್ನೇಹಿತರು, ಬಂಧುಗಳ ಭೇಟಿಯೂ ಪ್ರವಾಸಿ ವೀಸಾದ ಉದ್ದೇಶಗಳಲ್ಲಿ ಸೇರಿದೆ.

ಸಂಗಾತಿ ವಿದೇಶಿ ಪ್ರಜೆಯಾದರೂ ಭಾರತ ಮೂಲದವರಾಗಿದ್ದರೆ, ಅವರ ಬಳಿ ಒಸಿಐ ಕಾರ್ಡ್ ಇದೆಯೇ ಎಂದು ಮೊದಲು ಕೇಳಬೇಕು. ಕಾರ್ಡ್ ಇದ್ದರೆ ವೀಸಾ ಬೇಕಾಗಿಲ್ಲ.

ಇ-ಟೂರಿಸ್ಟ್ ವೀಸಾ

ಅಲ್ಪಾವಧಿ ಭೇಟಿಗೆ ಬಹುತೇಕ ದೇಶಗಳ ಪ್ರಜೆಗಳಿಗೆ ಸುಲಭದ ದಾರಿ ಇ-ಟೂರಿಸ್ಟ್ ವೀಸಾ. ಇದು 30 ದಿನ, 1 ವರ್ಷ ಮತ್ತು 5 ವರ್ಷ ಎಂಬ ಮೂರು ಬಗೆಗಳಲ್ಲಿ ದೊರೆಯುತ್ತದೆ. 30 ದಿನದ ವೀಸಾದಲ್ಲಿ ಎರಡು ಬಾರಿ ದೇಶ ಪ್ರವೇಶಿಸಬಹುದು. 1 ಮತ್ತು 5 ವರ್ಷದ ವೀಸಾಗಳಲ್ಲಿ ಹಲವು ಬಾರಿ ಬಂದು ಹೋಗಬಹುದು. ಆದರೆ 5 ವರ್ಷದ ವೀಸಾ ಎಂದರೆ 5 ವರ್ಷ ಇಲ್ಲೇ ಇರಬಹುದು ಎಂದರ್ಥವಲ್ಲ. ಒಂದು ಭೇಟಿಯಲ್ಲಿ ಎಷ್ಟು ದಿನ ಇರಬಹುದೆಂಬ ಮಿತಿ ಅನುಮತಿ ಪತ್ರದಲ್ಲಿ ಇರುತ್ತದೆ. ಅದನ್ನು ಓದಿಯೇ ಹಿಂತಿರುಗುವ ಟಿಕೆಟ್ ಕಾಯ್ದಿರಿಸಬೇಕು.

ಅರ್ಜಿಯನ್ನು ಇಂಡಿಯನ್ ವೀಸಾ ಆನ್‌ಲೈನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಮಾತ್ರ ಸಲ್ಲಿಸಬೇಕು. ಸರ್ಕಾರಿ ತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ನೋಡಲು ಹಾಗೆಯೇ ಕಾಣುವ ಖಾಸಗಿ ತಾಣಗಳು ಹಲವಿದ್ದು, ಹೆಚ್ಚಿನ ಹಣ ಪಡೆಯುತ್ತವೆ, ಕೆಲವು ಪಾಸ್‌ಪೋರ್ಟ್ ವಿವರವನ್ನೇ ದುರುಪಯೋಗ ಮಾಡಿಕೊಳ್ಳಬಹುದು. ಶುಲ್ಕ ದೇಶದಿಂದ ದೇಶಕ್ಕೆ ಬೇರೆಯಾಗಿದ್ದು, ಅರ್ಜಿ ತಿರಸ್ಕೃತವಾದರೂ ಹಿಂತಿರುಗುವುದಿಲ್ಲ.

30 ದಿನದ ವೀಸಾಕ್ಕೆ ಪ್ರಯಾಣಕ್ಕೆ 30 ದಿನ ಮುಂಚಿನಿಂದ, 1 ಮತ್ತು 5 ವರ್ಷದ ವೀಸಾಗಳಿಗೆ 120 ದಿನ ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 4 ದಿನ ಮೊದಲು ಅರ್ಜಿ ಸಲ್ಲಿಕೆಯಾಗಿರಬೇಕು ಎಂಬ ನಿಯಮವಿದ್ದರೂ ಕೊನೆಯ ವಾರದವರೆಗೆ ಕಾಯುವುದು ಸರಿಯಲ್ಲ.

ಬೇಕಾಗುವ ಮುಖ್ಯ ದಾಖಲೆಗಳು:

• ಭಾರತ ತಲುಪುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಉಳಿದಿರುವ, 2 ಖಾಲಿ ಪುಟಗಳಿರುವ ಪಾಸ್‌ಪೋರ್ಟ್
• ಪಾಸ್‌ಪೋರ್ಟ್‌ನ ಭಾವಚಿತ್ರವಿರುವ ಪುಟದ ಪಿಡಿಎಫ್ ಪ್ರತಿ
• ಬಿಳಿ ಹಿನ್ನೆಲೆಯ, ಚೌಕಾಕಾರದ ಇತ್ತೀಚಿನ ಭಾವಚಿತ್ರ
• ಭಾರತದಲ್ಲಿ ಪರಿಚಿತರೊಬ್ಬರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ

ಕೊನೆಯ ವಿವರದಲ್ಲಿ ಸಾಮಾನ್ಯವಾಗಿ ಇಲ್ಲಿನ ತಂದೆ-ತಾಯಿಯ ಹೆಸರು ಇರುತ್ತದೆ. ಆದ್ದರಿಂದ ಅವರಿಗೆ ವಿಷಯ ತಿಳಿದಿರಬೇಕು, ಕರೆ ಬಂದರೆ ಉತ್ತರಿಸುವಂತಿರಬೇಕು. ಅರ್ಜಿಯಲ್ಲಿ ಧರ್ಮ, ತಂದೆ-ತಾಯಿಯರ ರಾಷ್ಟ್ರೀಯತೆ, ಅಜ್ಜ-ಅಜ್ಜಿಯರಿಗೆ ಪಾಕಿಸ್ತಾನದ ಸಂಬಂಧವಿತ್ತೇ ಎಂಬ ಪ್ರಶ್ನೆಗಳಿರುತ್ತವೆ. ಇದ್ದದ್ದನ್ನು ಇದ್ದಂತೆಯೇ ಬರೆಯಬೇಕು. ಪಾಕಿಸ್ತಾನ ಮೂಲದವರು ಇ-ವೀಸಾ ಬಿಟ್ಟು ಭಾರತೀಯ ರಾಯಭಾರ ಕಚೇರಿಯ ಮೂಲಕವೇ ಅರ್ಜಿ ಸಲ್ಲಿಸಬೇಕಾಗುತ್ತದೆ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಮದುವೆಯ ನಂತರ ಕುಲನಾಮ ಬದಲಿಸಿಕೊಂಡಿದ್ದರೂ ಪಾಸ್‌ಪೋರ್ಟ್‌ನಲ್ಲಿ ಹಳೆಯ ಹೆಸರೇ ಇದ್ದರೆ ಅರ್ಜಿಯಲ್ಲೂ ವಿಮಾನ ಟಿಕೆಟ್‌ನಲ್ಲೂ ಹಳೆಯ ಹೆಸರನ್ನೇ ಬಳಸಬೇಕು. ಮಕ್ಕಳಿದ್ದು ಅವರ ಪಾಸ್‌ಪೋರ್ಟ್ ವಿದೇಶದ್ದಾದರೆ, ತಾಯಿ ಅಥವಾ ತಂದೆ ಭಾರತೀಯರಾದರೂ ಮಗುವಿಗೆ ಪ್ರತ್ಯೇಕ ವೀಸಾ ಅಥವಾ ಒಸಿಐ ಬೇಕೇ ಬೇಕು. ಕೈಗೂಸಿಗೂ ಇದು ಅನ್ವಯ.

ಎಲ್ಲಿ ಇಳಿಯಬೇಕು?

ಇ-ವೀಸಾ ಹೊಂದಿದವರು ನಿಗದಿತ ನಿಲ್ದಾಣಗಳಲ್ಲೇ ದೇಶ ಪ್ರವೇಶಿಸಬೇಕು. ರಾಜ್ಯದಲ್ಲಿ ಬೆಂಗಳೂರು ಮತ್ತು ಮಂಗಳೂರು ವಿಮಾನ ನಿಲ್ದಾಣಗಳು ಈ ಪಟ್ಟಿಯಲ್ಲಿವೆ. ಮೂಡುಬಿದಿರೆ, ಕಾರ್ಕಳ, ವೇಣೂರು ಕಡೆಯವರಿಗೆ ಮಂಗಳೂರು ಅನುಕೂಲ. ಬೆಳಗಾವಿ, ಹುಬ್ಬಳ್ಳಿ ಕಡೆಯ ಕುಟುಂಬಗಳವರು ಬೆಂಗಳೂರು, ಗೋವಾ ಅಥವಾ ಮುಂಬಯಿಯಲ್ಲಿ ವಲಸೆ ತಪಾಸಣೆ ಮುಗಿಸಿ ಮುಂದೆ ಪ್ರಯಾಣಿಸಬೇಕಾಗುತ್ತದೆ. ಅನುಮತಿ ಪತ್ರದ ಮುದ್ರಿತ ಪ್ರತಿಯೊಂದು ಕೈಯಲ್ಲಿರಲಿ.

2025ರ ಅಕ್ಟೋಬರ್ 1ರಿಂದ ವಿದೇಶಿ ಪ್ರಯಾಣಿಕರಿಗೆ ಇ-ಅರೈವಲ್ ಕಾರ್ಡ್ ಜಾರಿಗೆ ಬಂದಿದೆ. ಭಾರತ ತಲುಪುವ ಮುಂಚಿನ 72 ಗಂಟೆಗಳೊಳಗೆ ಇದನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇದಕ್ಕೆ ಶುಲ್ಕವಿಲ್ಲ, ಮತ್ತು ಇದು ವೀಸಾ ಅಲ್ಲ. ಹಳದಿ ಜ್ವರ ಇರುವ ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರಿಗೆ ಲಸಿಕೆಯ ಕಾರ್ಡ್ ಅಗತ್ಯ.

ಮನೆಯಲ್ಲಿ ಉಳಿದರೂ ಮಾಹಿತಿ ಕೊಡಬೇಕು

ವಿದೇಶಿಯರಿಗೆ ವಸತಿ ನೀಡುವವರು 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು ಎಂಬ ನಿಯಮ ಅನೇಕರಿಗೆ ಗೊತ್ತಿಲ್ಲ. ಫಾರ್ಮ್ ಸಿ ಎಂದೇ ಇದು ರೂಢಿಯಲ್ಲಿದೆ. ಹೋಟೆಲುಗಳಿಗೆ ಮಾತ್ರವಲ್ಲ, ಅತಿಥಿಗೃಹ, ಧರ್ಮಶಾಲೆ ಹಾಗೂ ಖಾಸಗಿ ಮನೆಗಳಿಗೂ ಇದು ಅನ್ವಯವಾಗುತ್ತದೆ. ಸಂಗಾತಿ ಅತ್ತೆ-ಮಾವನ ಮನೆಯಲ್ಲೇ ಉಳಿದರೂ ಮನೆಯವರು ವಿವರ ಸಲ್ಲಿಸಬೇಕು. ಕ್ಷೇತ್ರಗಳ ಯಾತ್ರಿನಿವಾಸಗಳಲ್ಲಿ ಕೋಣೆ ಕಾಯ್ದಿರಿಸುವಾಗ ತಂಡದಲ್ಲಿ ವಿದೇಶಿ ಪ್ರಜೆ ಇದ್ದಾರೆಂದು ಮೊದಲೇ ತಿಳಿಸಿ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳನ್ನು ಒಯ್ದರೆ ರಾತ್ರಿ ಹೊತ್ತು ಕಚೇರಿಯ ಮುಂದೆ ಕಾಯುವುದು ತಪ್ಪುತ್ತದೆ. ಮಹಾಮಸ್ತಕಾಭಿಷೇಕದಂತಹ ಸಂದರ್ಭಗಳಲ್ಲಿ ಇದು ಇನ್ನೂ ಮುಖ್ಯ.

ಇ-ವೀಸಾವನ್ನು ಇಲ್ಲಿಗೆ ಬಂದ ಮೇಲೆ ವಿಸ್ತರಿಸಲು ಅಥವಾ ಬೇರೆ ವೀಸಾ ಆಗಿ ಬದಲಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. ‘ಇನ್ನೆರಡು ವಾರ ಇರಲಿ, ಆಮೇಲೆ ನೋಡೋಣ’ ಎಂಬ ಹಿರಿಯರ ಪ್ರೀತಿಯ ಒತ್ತಾಯಕ್ಕೆ ಇಲ್ಲಿ ಜಾಗವಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಪ್ರಕಾರ ಅವಧಿ ಮೀರಿ ಉಳಿಯುವುದು ದಂಡ, ಸೆರೆವಾಸಗಳಿಗೆ ಒಳಪಡುವ ಅಪರಾಧ. ಮುಂದಿನ ವೀಸಾ ಅರ್ಜಿಗೂ ಇದು ಅಡ್ಡಿಯಾಗುತ್ತದೆ. ಅನಾರೋಗ್ಯದಂತಹ ತುರ್ತು ಸಂದರ್ಭ ಬಂದರೆ ಅವಧಿ ಮುಗಿಯುವ ಮೊದಲೇ ಇ-ಎಫ್‌ಆರ್‌ಆರ್‌ಓ ತಾಣದ ಮೂಲಕ ಅಧಿಕಾರಿಗಳನ್ನು ಸಂಪರ್ಕಿಸಬೇಕು.

ಊರಿನಲ್ಲೇ ಮದುವೆ ಎಂದಾದರೆ

ಹೆಚ್ಚಿನ ಗೊಂದಲವಾಗುವುದು ಇಲ್ಲಿಯೇ. 1955ರ ಹಿಂದೂ ವಿವಾಹ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಆದರೆ ವಧೂವರರಿಬ್ಬರೂ ಹಿಂದೂ, ಜೈನ, ಬೌದ್ಧ ಅಥವಾ ಸಿಖ್ ಧರ್ಮೀಯರಾಗಿದ್ದರೆ ಮಾತ್ರ ಆ ಕಾಯ್ದೆಯಡಿ ವಿವಾಹ ಸಾಧ್ಯ. ಸಂಗಾತಿ ಕ್ರೈಸ್ತ ಅಥವಾ ಬೇರೆ ಧರ್ಮದವರಾದರೆ ಪುರೋಹಿತರು ನಡೆಸಿಕೊಟ್ಟ ಜೈನ ವಿವಾಹವಿಧಿಯಿಂದಷ್ಟೇ ಕಾನೂನಿನ ಮಾನ್ಯತೆ ಬರುವುದಿಲ್ಲ. ಅವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕು.

ಈ ಕಾಯ್ದೆಯ ಕಾಲಮಿತಿಗಳನ್ನು ಗಮನಿಸಬೇಕು. ವಧೂವರರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮೊದಲು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ನೋಟಿಸ್ ಪ್ರಕಟವಾದ ಮೇಲೆ ಆಕ್ಷೇಪಣೆಗಾಗಿ 30 ದಿನ ಕಾಯಬೇಕು. ನೋಟಿಸ್ ಕೊಟ್ಟ ದಿನದಿಂದ 3 ತಿಂಗಳೊಳಗೆ ಮದುವೆ ನಡೆಯದಿದ್ದರೆ ಹೊಸದಾಗಿ ನೋಟಿಸ್ ಕೊಡಬೇಕು. ವಿವಾಹಕ್ಕೆ 3 ಸಾಕ್ಷಿಗಳು ಬೇಕು. ವಿದೇಶಿ ಸಂಗಾತಿ ಅವಿವಾಹಿತರು, ಮದುವೆಗೆ ಅಡ್ಡಿಯಿಲ್ಲ ಎಂಬ ಪ್ರಮಾಣಪತ್ರವನ್ನು ಅವರ ದೇಶದಿಂದ ಅಥವಾ ರಾಯಭಾರ ಕಚೇರಿಯಿಂದ ತರಬೇಕಾಗುತ್ತದೆ.

ಉದಾಹರಣೆಗೆ, ಜರ್ಮನಿಯಲ್ಲಿ ಕೆಲಸದಲ್ಲಿರುವ ಕಾರ್ಕಳದ ಯುವತಿಯೊಬ್ಬಳು ನವೆಂಬರ್ 1ರಂದು ಊರಿಗೆ ಬಂದಳು ಎಂದುಕೊಳ್ಳೋಣ. ಅವಳ ವಾಸದ 30 ದಿನ ತುಂಬಿ ನೋಟಿಸ್ ಕೊಡಲು ಡಿಸೆಂಬರ್ ಬರುತ್ತದೆ. ನೋಟಿಸ್‌ಗೆ ಇಬ್ಬರ ಸಹಿಯೂ ಬೇಕು. ಆಕ್ಷೇಪಣೆಯ ಅವಧಿ ಕಳೆದು ಮದುವೆ ನಡೆಯುವಾಗ ಜನವರಿ ಮೊದಲ ವಾರ. ಅಂದರೆ ಡಿಸೆಂಬರ್‌ನಲ್ಲಿ ಮುಹೂರ್ತ ಇಟ್ಟು ಅಂದೇ ನೋಂದಣಿಯನ್ನೂ ಮುಗಿಸುತ್ತೇವೆ ಎಂಬ ಲೆಕ್ಕ ಸರಿಹೋಗುವುದಿಲ್ಲ. ಹುಡುಗ ಡಿಸೆಂಬರ್ ಮೊದಲ ದಿನ 30 ದಿನದ ವೀಸಾದಲ್ಲಿ ಬಂದರೆ ಮದುವೆಯ ದಿನದೊಳಗೆ ಅವನ ವೀಸಾ ಅವಧಿಯೇ ಮುಗಿದಿರುತ್ತದೆ. ಆದ್ದರಿಂದ ಮೊದಲು ವಿವಾಹ ನೋಂದಣಿ ಕಚೇರಿಯಲ್ಲಿ ವಿಚಾರಿಸಿ, ನಂತರ ವೀಸಾದ ಬಗೆಯನ್ನು ನಿರ್ಧರಿಸಿ, ಕೊನೆಗೆ ಮುಹೂರ್ತ ನೋಡುವುದು ಉತ್ತಮ.

ಇನ್ನೊಂದು ಸರಳ ದಾರಿಯಿದೆ. ಮಕ್ಕಳು ತಾವಿರುವ ದೇಶದಲ್ಲೇ ಅಲ್ಲಿನ ಕಾನೂನಿನಂತೆ ಮದುವೆಯಾಗಿ ಪ್ರಮಾಣಪತ್ರ ಪಡೆದು, ಊರಿಗೆ ಬಂದು ಬಂಧುಬಳಗದ ಸಮ್ಮುಖದಲ್ಲಿ ಜೈನ ವಿಧಿಯಂತೆ ಮಂಗಳಕಾರ್ಯ ನಡೆಸಿಕೊಳ್ಳಬಹುದು. ಸಂಗಾತಿಗಳಲ್ಲಿ ಒಬ್ಬರು ಭಾರತೀಯ ಪ್ರಜೆಯಾಗಿದ್ದರೆ 1969ರ ವಿದೇಶಿ ವಿವಾಹ ಕಾಯ್ದೆಯಡಿ ಭಾರತೀಯ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗಲೂ ಅವಕಾಶವಿದೆ. ವಿದೇಶದ ಪ್ರಮಾಣಪತ್ರಕ್ಕೆ ಆ ದೇಶದಲ್ಲೇ ಅಪಾಸ್ಟೀಲ್ ಮುದ್ರೆ ಹಾಕಿಸಿಕೊಂಡು ಬಂದರೆ ಮುಂದಿನ ಕೆಲಸಗಳು ಸುಗಮ.

ಆಸ್ತಿಯ ವಿಚಾರ

ವಿಶೇಷ ವಿವಾಹ ಕಾಯ್ದೆಯ ಒಂದು ಪರಿಣಾಮವನ್ನು ಕುಟುಂಬಗಳು ಮೊದಲೇ ತಿಳಿದಿರಬೇಕು. ಅವಿಭಕ್ತ ಕುಟುಂಬದ ಸದಸ್ಯರಾದ ಜೈನರೊಬ್ಬರು ಕ್ರೈಸ್ತ, ಮುಸ್ಲಿಂ ಮೊದಲಾದ ಧರ್ಮದವರನ್ನು ಈ ಕಾಯ್ದೆಯಡಿ ವಿವಾಹವಾದರೆ ಅವರು ಅವಿಭಕ್ತ ಕುಟುಂಬದಿಂದ ಬೇರ್ಪಟ್ಟರೆಂದು ಕಾಯ್ದೆಯ 19ನೇ ಕಲಂ ಭಾವಿಸುತ್ತದೆ. ಇದರಿಂದ ಆಸ್ತಿಯ ಹಕ್ಕು ನಷ್ಟವಾಗುವುದಿಲ್ಲ. ಅವರ ಪಾಲು ಪ್ರತ್ಯೇಕವಾಗುತ್ತದೆ, ಅಷ್ಟೆ. ಅವರ ನಂತರದ ಉತ್ತರಾಧಿಕಾರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನಡೆಯುತ್ತದೆ. ಸಂಗಾತಿಯೂ ಹಿಂದೂ, ಜೈನ, ಬೌದ್ಧ ಅಥವಾ ಸಿಖ್ ಆಗಿದ್ದರೆ ಇವು ಅನ್ವಯಿಸುವುದಿಲ್ಲ. ಜಂಟಿ ಜಮೀನು, ತೋಟ, ವ್ಯಾಪಾರ ಇರುವ ಮನೆಗಳವರು ಮದುವೆಗೆ ಮೊದಲೇ ವಕೀಲರೊಡನೆ ಕುಳಿತು ಮಾತನಾಡಿಕೊಂಡರೆ ಮುಂದೆ ಅಣ್ಣತಮ್ಮಂದಿರ ನಡುವೆ ಮನಸ್ತಾಪ ಬರುವುದಿಲ್ಲ.

ಮದುವೆಯ ನಂತರ: ಎಂಟ್ರಿ ವೀಸಾ ಮತ್ತು ಒಸಿಐ

ಭಾರತೀಯ ಪ್ರಜೆಯ ಅಥವಾ ಭಾರತ ಮೂಲದವರ ವಿದೇಶಿ ಪತಿ ಅಥವಾ ಪತ್ನಿ ಎಂಟ್ರಿ ವೀಸಾಕ್ಕೆ ಅರ್ಜಿ ಸಲ್ಲಿಸಬಹುದು. ಇದನ್ನು ಎಕ್ಸ್ ವೀಸಾ ಎಂದೂ ಕರೆಯುತ್ತಾರೆ. ವಾಸವಿರುವ ದೇಶದ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸಬಹುದು. ವಿವಾಹ ಪ್ರಮಾಣಪತ್ರ ಮತ್ತು ಸಂಗಾತಿಯ ಭಾರತೀಯ ಪಾಸ್‌ಪೋರ್ಟ್ ಅಥವಾ ಒಸಿಐ ಪ್ರತಿ ಇದಕ್ಕೆ ಮುಖ್ಯ. ದೀರ್ಘಕಾಲ ಉಳಿಯುವುದಾದರೆ ವೀಸಾದಲ್ಲಿ ಸೂಚಿಸಿದಂತೆ ನೋಂದಣಿ ಮಾಡಿಸಬೇಕು. ಬೆಂಗಳೂರಿನಲ್ಲಿ ಎಫ್‌ಆರ್‌ಆರ್‌ಓ ಕಚೇರಿ ಇದೆ. ಈ ಸೇವೆಗಳ ಅರ್ಜಿಗಳನ್ನು ಇ-ಎಫ್‌ಆರ್‌ಆರ್‌ಓ ತಾಣದಲ್ಲೇ ಸಲ್ಲಿಸಬಹುದು.

ವಿವಾಹ ನೋಂದಣಿಯಾಗಿ, ದಾಂಪತ್ಯ ನಿರಂತರವಾಗಿ ಕನಿಷ್ಠ 2 ವರ್ಷ ಮುಂದುವರಿದ ನಂತರ ವಿದೇಶಿ ಸಂಗಾತಿ ಒಸಿಐ ಕಾರ್ಡಿಗೆ ಅರ್ಹರಾಗುತ್ತಾರೆ. ಭದ್ರತಾ ಪರಿಶೀಲನೆಯ ನಂತರವೇ ಕಾರ್ಡ್ ದೊರೆಯುತ್ತದೆ. ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದವರಿಗೆ, ಅವರ ಸಂತತಿಯವರಿಗೆ ಇದು ಸಿಗುವುದಿಲ್ಲ. ಒಸಿಐ ಇದ್ದವರು ಜೀವನಪೂರ್ತಿ ಎಷ್ಟು ಬಾರಿಯಾದರೂ ಬಂದುಹೋಗಬಹುದು, ಎಷ್ಟು ದಿನವಾದರೂ ಇರಬಹುದು. ಆದರೆ ಮತದಾನದ ಹಕ್ಕಿಲ್ಲ, ಕೃಷಿ ಜಮೀನು ಅಥವಾ ತೋಟ ಖರೀದಿಸುವಂತಿಲ್ಲ. ವಿವಾಹದ ಆಧಾರದ ಮೇಲೆ ಪಡೆದ ಕಾರ್ಡನ್ನು ವಿಚ್ಛೇದನವಾದರೆ ರದ್ದುಪಡಿಸಬಹುದು.

ಇದರಿಂದ ಒಂದು ಮಾತು ಸ್ಪಷ್ಟ. ಸಂಪ್ರದಾಯದಂತೆ ಮದುವೆ ನಡೆದಿದ್ದರೂ ನೋಂದಣಿಯನ್ನು ಮುಂದೂಡುತ್ತ ಹೋದರೆ ಒಸಿಐಗೆ ಬೇಕಾದ 2 ವರ್ಷವೂ ಮುಂದೆ ಹೋಗುತ್ತದೆ. ಅಷ್ಟು ಕಾಲ ಸೊಸೆಯೋ ಅಳಿಯನೋ ಮನೆಗೆ ಬರಬೇಕಾದಾಗಲೆಲ್ಲ ವೀಸಾಕ್ಕಾಗಿ ಕಾಯಬೇಕು. ಮನೆಯಲ್ಲಿ ಹಿರಿಯರಿಗೆ ತುರ್ತು ಅನಾರೋಗ್ಯವಾದಾಗ ಈ ವಿಳಂಬ ಎಷ್ಟು ಭಾರವೆಂಬುದು ಅನುಭವಿಸಿದ ಕುಟುಂಬಗಳಿಗೆ ಗೊತ್ತು.

ನೆನಪಿಡಬೇಕಾದ ಕ್ರಮ

1. ವಿವಾಹಿತರೇ, ಅಲ್ಲವೇ ಎಂಬುದರ ಮೇಲೆ ವೀಸಾದ ಬಗೆ ಆರಿಸಬೇಕು.
2. ಪಾಸ್‌ಪೋರ್ಟ್ ಅವಧಿ, ಹೆಸರು ಪರಿಶೀಲಿಸಿ ಸರ್ಕಾರಿ ತಾಣದಲ್ಲೇ ಅರ್ಜಿ ಹಾಕಬೇಕು.
3. ಅನುಮತಿ ದೊರೆತ ಮೇಲೆಯೇ ಹಿಂಪಡೆಯಲಾಗದ ಟಿಕೆಟ್, ಕಲ್ಯಾಣಮಂಟಪಗಳ ಹಣ ಕಟ್ಟಬೇಕು.
4. ಮನೆಯಲ್ಲಿ ಉಳಿದರೂ 24 ಗಂಟೆಯೊಳಗೆ ವಸತಿ ಮಾಹಿತಿ ಸಲ್ಲಿಸಬೇಕು.
5. ವಿವಾಹವಾದ ಕೂಡಲೇ ನೋಂದಣಿ ಮಾಡಿಸಿ, 2 ವರ್ಷ ತುಂಬಿದ ಮೇಲೆ ಒಸಿಐಗೆ ಅರ್ಜಿ ಸಲ್ಲಿಸಬೇಕು.

ವೀಸಾ ನಿಯಮಗಳು ಆಗಾಗ ಬದಲಾಗುತ್ತಿರುತ್ತವೆ. ಆದ್ದರಿಂದ ಅರ್ಜಿ ಸಲ್ಲಿಸುವ ದಿನ ಸರ್ಕಾರಿ ತಾಣದ ಸೂಚನೆಗಳನ್ನು ಮತ್ತೊಮ್ಮೆ ಓದಿಕೊಳ್ಳುವುದು ಒಳಿತು.